ಗುಡಾಣ ಕೇಳಿದ ನರಹರಿ

ನರಹರಿಗೆ ಬೇಕಾಗಿದ್ದದ್ದು ಒಂದು ಗುಡಾಣ, ಅಷ್ಟೇ.

ಕೊರೋನಾ ಬಂದು ಕೌಲಾಲಂಪುರದ ಕನ್ನಡಿಗರೆಲ್ಲ ಮನೆಯೊಳಗೆ ಸೇರಿಕೊಂಡಿದ್ದ ಕಾಲ. ಆ ಶನಿವಾರ ಸಂಜೆ ಐದಕ್ಕೆ ಕನ್ನಡ ಬಳಗದ ಜೂಮ್ ಸಭೆಯಲ್ಲಿ ಅವನು ಗ್ರೀಕ್ ತತ್ವಜ್ಞಾನಿ ಡಯೋಜಿನೀಸನ ಬದುಕಿನ ಬಗ್ಗೆ ಮಾತಾಡಬೇಕಿತ್ತು. ಆ ಮಹಾನುಭಾವ ಮನೆಮಠ ಬಿಟ್ಟು, ಧಾನ್ಯ ತುಂಬುವಂಥ ಮಣ್ಣಿನ ಗುಡಾಣದಲ್ಲಿ ವಾಸವಾಗಿದ್ದವನು. ತಾನೂ ಗುಡಾಣದೊಳಗೇ ಕೂತು ಮಾತಾಡಿದರೆ ಮ್ಯಾನೇಜರ್ ರತ್ನಾಕರ ಮೆಚ್ಚಿಯಾರು ಎಂದು ನರಹರಿಯ ಆಸೆ. ಅವರೂ ಬಳಗದವರೇ. ಮೆಚ್ಚಿಸಲೇಬೇಕಿತ್ತು. ಸೋಮವಾರ ಸೈಬರ್‌ಜಯಾದ ಆಫೀಸಿನಲ್ಲಿ ಒಬ್ಬರ ಕೆಲಸ ಹೋಗುವುದಿತ್ತು: ನರಹರಿಯದು, ಇಲ್ಲವೇ ಸಹೋದ್ಯೋಗಿ ಚೇತನನದು.

ಬೆಳಿಗ್ಗೆಯೇ ಬಳಗದ ವಾಟ್ಸಾಪಿಗೆ ಧ್ವನಿಸಂದೇಶ ಕಳಿಸಿದ: “ಯಾರ ಹತ್ರಾನಾದ್ರೂ ಗುಡಾಣ ಇದ್ಯಾ? ಒಬ್ಬ ಮನುಷ್ಯ ಇರೋಷ್ಟು ಜಾಗ ಇದ್ರೆ ಸಾಕು. ಇವತ್ತೇ ಬೇಕು.”

ಕೆಳಗಿನ ಮಹಡಿಯ ರೆಮಿಜಿಯಸ್ ಮಂಗಳೂರಿನವರು, ಸರಕು ಸಾಗಣೆ ಕಂಪನಿಯಲ್ಲಿ ಹದಿನೆಂಟು ವರ್ಷದಿಂದ ಇದ್ದವರು. ಮಲಯ ಭಾಷೆಯಲ್ಲಿ ಗೋದಾಮಿಗೆ ‘ಗುಡಾಂಗ್’ ಎನ್ನುತ್ತಾರೆ. ಅವರ ಕಿವಿಗೆ ಬಿದ್ದದ್ದು ಅದೇ.

“ಪಾಪ, ನರಹರಿಗೆ ಮನೆ ಖಾಲಿ ಮಾಡ್ಲಿಕ್ಕೆ ಹೇಳಿದ್ದಾರೆ ಕಾಣ್ತದೆ. ಇರ್ಲಿಕ್ಕೆ ಗೋದಾಮು ಹುಡುಕ್ತಿದ್ದಾರೆ,” ಎಂದು ಹೆಂಡತಿ ಪ್ಯಾಟ್ರಿಷಿಯಾಗೆ ಹೇಳಿದರು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಜನ ನಾವು. ಪ್ಯಾಟ್ರಿಷಿಯಾ ಹತ್ತು ಮನೆಗೆ ಫೋನ್ ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ನರಹರಿಯ ಬಾಗಿಲ ಹಿಡಿಕೆಯಲ್ಲಿ ಮೂರು ಮನೆಯ ಊಟ ತೂಗುತ್ತಿತ್ತು. ಜೊತೆಗೊಂದು ಹಳೇ ಕಂಬಳಿ.

“ಏನ್ರೀ ಇದೆಲ್ಲ?” ಎಂದಳು ಹೆಂಡತಿ ವಾರಿಜಾ.

“ಭಾಷಣಕ್ಕೆ ಮುಂಚೇನೇ ಅಭಿಮಾನಿಗಳು ಕಣೇ!” ನರಹರಿ ಬೀಗಿದ.

ಗುಡಾಣ ಮಾತ್ರ ಸಿಗಲಿಲ್ಲ. ಕೊನೆಗೆ, ನಲ್ಲಿಯಲ್ಲಿ ನೀರು ಬಾರದ ದಿನಗಳಿಗೆಂದು ಇಟ್ಟಿದ್ದ ನೀಲಿ ಡ್ರಮ್ಮನ್ನೇ ಬಾಲ್ಕನಿಗೆ ತಂದು ಒಳಗಿಳಿದ. ಇಳಿದದ್ದೇನೋ ಸಲೀಸು, ಕೂತ ಮೇಲೆ ಮೊಣಕಾಲು ಗದ್ದಕ್ಕೆ ತಾಗಿ, ಗಡಿಗೆಗೆ ತಲೆ ತೂರಿಸಿದ ಬೆಕ್ಕಿನಂತಾದ. ವಾರಿಜಾ ಲ್ಯಾಪ್‌ಟಾಪನ್ನು ಎದುರಿನ ಸ್ಟೂಲಿನ ಮೇಲಿಟ್ಟು ತರಕಾರಿಗೆ ಹೋದಳು.

ಭಾಷಣ ಅಮೋಘವಾಗಿ ನಡೆಯಿತು. ಡಯೋಜಿನೀಸನಿಗೆ ಆಸ್ತಿ ಬೇಡ, ಹುದ್ದೆ ಬೇಡ. ಅಲೆಗ್ಸಾಂಡರ್ ದೊರೆ ಬಂದು ‘ನಿನಗೇನು ಬೇಕು ಕೇಳು’ ಎನ್ನುವ ಘಟ್ಟವನ್ನು ನರಹರಿ ಕೊನೆಗಿಟ್ಟುಕೊಂಡಿದ್ದ. ಅದನ್ನು ಶುರು ಮಾಡುವಷ್ಟರಲ್ಲಿ ರತ್ನಾಕರರೇ ಮೈಕ್ ತೆರೆದರು.

“ನರಹರಿ, ನಿಮಗೆ ನನ್ನಿಂದ ಏನಾಗ್ಬೇಕು? ಸಂಕೋಚ ಬೇಡ, ಕೇಳಿ.”

ನರಹರಿಗೆ ರೋಮಾಂಚನವಾಯಿತು. ಮ್ಯಾನೇಜರೇ ದೊರೆಯ ಪಾತ್ರ ಹಾಕಿದ್ದಾರೆ! ಗದ್ದ ಎತ್ತಿ ಡಯೋಜಿನೀಸನ ಉತ್ತರವನ್ನೇ ಗುಡುಗಿದ: “ಸ್ವಲ್ಪ ಪಕ್ಕಕ್ಕೆ ಸರಿಯಿರಿ, ನನ್ನ ಬಿಸಿಲಿಗೆ ಅಡ್ಡ ನಿಂತಿದ್ದೀರಿ. ನಿಮ್ಮಿಂದ ನನಗೆ ಇನ್ನೇನೂ ಬೇಡ!”

ರತ್ನಾಕರರ ಕಣ್ಣು ಒದ್ದೆಯಾಯಿತು. “ಮನೆ ಹೋಯ್ತು ಅಂತ ಕೇಳಿ, ನಿಮ್ಮನ್ನೇ ಕೆಲಸದಲ್ಲಿ ಉಳಿಸ್ಕೊಳ್ಳೋಣ ಅಂತಿದ್ದೆ. ಗೋದಾಮಲ್ಲೂ ನೆಮ್ಮದಿಯಾಗಿರೋ ಗುಂಡಿಗೆ ನಿಮ್ಮದು. ಪಾಪ, ಚೇತನಂಗೆ ಅದಿಲ್ಲ. ಅವನೇ ಇರಲಿ. ನನ್ನೆದೆ ಭಾರ ಇಳೀತು.”

“ಸಾರ್, ಅದು ಡೈಲಾಗು! ನಾನಲ್ಲ ಸಾರ್, ಡಯೋಜಿನೀಸ್!”

ಅಷ್ಟರಲ್ಲಿ ವಂದನಾರ್ಪಣೆಗೆಂದು ಅಧ್ಯಕ್ಷರು ಎಲ್ಲರ ಮೈಕ್ ಮುಚ್ಚಿದ್ದರು. ನರಹರಿ ಕೈ ಚಾಚಿದ, ಲ್ಯಾಪ್‌ಟಾಪ್ ಎಟುಕಲಿಲ್ಲ. ಏಳಲು ಹೋದ, ಡ್ರಮ್ಮೂ ಜೊತೆಗೇ ಎದ್ದಿತು. ಪರದೆಯ ಮೇಲೆ ನಲವತ್ತು ಜನ ಅವನ ಅಭಿನಯಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಅವನಿಗೆ ನಿಜಕ್ಕೂ ಅಳು ಬಂತು, ಜೋರಾಗಿಯೇ ಅತ್ತ.

ಕೆಳಗಿನ ಬಾಲ್ಕನಿಯಿಂದ ರೆಮಿಜಿಯಸ್ ಕೂಗಿದರು: “ಅಳ್ಬೇಡಿ ಮಾರಾಯ್ರೇ! ನಮ್ಮ ಬಾಸಿನ ಹತ್ರ ಕೇಳಿದ್ದೇನೆ. ಕ್ಲಾಂಗಿನಲ್ಲಿ ಒಂದು ಗುಡಾಂಗ್ ಖಾಲಿ ಉಂಟು, ಸೋಮವಾರವೇ ಬರ್ಬಹುದಂತೆ. ಬಿಸಿಲು ಕೂಡ ಲಾಯ್ಕ ಬೀಳ್ತದೆ!”