ಗಂಟಲು ಸರಿಮಾಡಿದ್ರ ಅಲ್ಪವಿರಾಮ

ಹಳೇ ಪುಸ್ತಕ ಕಂಪ್ಯೂಟರಿಗೆ ತುಂಬೋ ಕೆಲಸದಾಗ ಅಕ್ಷರ ಎಂದೂ ನನ್ನ ಕಾಡಿಲ್ಲ. ಕಾಡಿದ್ದೆಲ್ಲ ಚುಕ್ಕಿ, ಗೀಟು. ಇವತ್ತೊಂದು ಸುಧಾರಿಸಿದ್ರ ನಾಳೆ ಮತ್ತೊಂದು ಎದ್ದು ನಿಲ್ತಿತ್ತು.

ತೊಂಬತ್ತರ ದಶಕದ ಮಾತು. ಸಿಂಧನೂರಿನಾಗ ಗೊಬ್ಬರದಂಗಡಿ ಮ್ಯಾಲಿನ ಖೋಲಿಯೊಳಗ ನಮ್ಮ ಸಾವ್ಕಾರ್ರು ಒಂದು ಕಂಪ್ಯೂಟರ್ ಇಟ್ಟಿದ್ರು. ನಾ ಮಸ್ಕಿಯಿಂದ ದಿನಾ ಬಸ್ಸಿಗೆ ಬಂದು ಟೈಪ್ ಮಾಡಾಕಿ. ಮಸ್ಕಿ ಕಡೀದೊಂದು ಮಠದವರು ಹಳೇ ತತ್ವಪದಗಳ ಪುಸ್ತಕ ಮಾಡಿಕೊಡ್ರಿ ಅಂದಾಗ ಸಾವ್ಕಾರ್ರು ಸಾಫ್ ಹೇಳಿಬಿಟ್ರು: "ತಂಗೀ, ಮಠದ ಅಜ್ಜಾರಿಗೆ ಪುಸ್ತಕ ಪಸಂದ್ ಬಂದ್ರ ಈ ಪೆಟಗಿ ಇಲ್ಲೇ ಇರ್ತೈತಿ. ಇಲ್ಲಾಂದ್ರ ಇದನ್ನ ಮಾರಿ ಈ ಖೋಲಿಯಾಗ ತೌಡಿನ ಚೀಲ ಒಟ್ತೀನಿ."

ತೌಡಿನ ಚೀಲಕ್ಕ ಟೈಪಿಸ್ಟ್ ಯಾಕ ಬೇಕು? ಆ ನೌಕರಿ ಮ್ಯಾಲ ನನಗ ಭಾಳ ಪ್ರೀತಿ.

೧. ಕೆಮ್ಮು

ಪದಗಳನ್ನ ಓದಿ ಹೇಳಾಕ ಲಿಂಗಸುಗೂರಿನ ರಿಟೈರ್ಡ್ ಮಾಸ್ತರು ಬರ್ತಿದ್ರು. ಅವೆಲ್ಲ ಅವರೇ ಊರೂರು ತಿರುಗಿ ಬರಕೊಂಡ ಪದಗಳು. ಅವರು ಓದಬೇಕು, ನಾ ಟೈಪ್ ಹೊಡೀಬೇಕು. ಆದ್ರ ನಡುನಡುವ "ಪೂರ್ಣವಿರಾಮ" ಅನ್ನಾಕ ಮಾಸ್ತರು ಸುತರಾಂ ಒಪ್ಪಲಿಲ್ಲ.

"ದೇವರ ಪದದಾಗ ಅದನ್ನೆಲ್ಲ ಒದರಿದ್ರ ಭಕ್ತಿ ಉಳೀತೈತೇನವ್ವಾ?" ಅಂದ್ರು.

ಹಂಗಾಗಿ ಕಾಯ್ದೆ ಮಾಡಿ, ಬರದು ಗ್ವಾಡಿಗೆ ಅಂಟಿಸಿದ್ವಿ. ಟೇಬಲ್ ಬಡಿದ್ರ ಪೂರ್ಣವಿರಾಮ. ಗಂಟಲು ಸರಿಮಾಡಿದ್ರ ಅಲ್ಪವಿರಾಮ. ತಲಿ ಕೆರಕೊಂಡ್ರ ಪ್ರಶ್ನೆ ಚಿಹ್ನೆ.

ಸುಗ್ಗಿ ಬಂತು. ಊರ ತುಂಬ ಭತ್ತದ ಧೂಳು. ಮಾಸ್ತರಿಗೆ ಕೆಮ್ಮು ಹತ್ತಿತು. ಕಾಯ್ದೆ ಅಂದ್ರ ಕಾಯ್ದೆ, ನಾ ಬಿಡಾಕಿ ಅಲ್ಲ. ಅವರು ಕೆಮ್ಮಿದಂಗೆಲ್ಲ ಅಲ್ಪವಿರಾಮ ಹೊಡದೆ. ಸಂಜಿಗೆ ಪ್ರಿಂಟ್ ನೋಡಿ ಮಾಸ್ತರು ಅಂದ್ರು: "ಯವ್ವಾ, ಇದನ್ನ ಮಠಕ್ಕ ಕಳಸಬ್ಯಾಡ. ಡಾಕ್ಟರಿಗೆ ತೋರಸು."

೨. ಒಗ್ಗರಣಿ

ಮಾಸ್ತರು ಆರಾಮ ಆಗೋತನಕ ಅವರ ಕೈಬರಹದ ಹಾಳಿ ನೋಡಿ ನಾನೇ ಹೊಡಿಯೋದು ಅಂತಾತು. ಇದ್ದದ್ದು ಇದ್ದಂಗ ಹೊಡೀಬೇಕು ಅಂತ ಕಾಯ್ದೆ. ಒಂದು ಪದದಾಗಂತೂ ಹೆಜ್ಜಿಗೊಂದು ಚುಕ್ಕಿ! ಎಲ್ಲಾ ಹೊಡದು, ತಿದ್ದಿಸಾಕ ಲಿಂಗಸುಗೂರಿಗೆ ಅವರ ಮನೀಗೆ ಒಯ್ದೆ.

ಮಾಸ್ತರ ಹೆಂಡ್ತಿ ಮೂಲ ಹಾಳಿ ಇಸಗೊಂಡು ಮೂಗಿಗೆ ಹಿಡಿದ್ರು. "ಇದು ಚುಕ್ಕಿ ಅಲ್ಲವ್ವಾ, ನನ್ನ ಒಗ್ಗರಣಿ ಸಿಡಿದದ್ದು," ಅಂದ್ರು.

ನನಗ ತಲಿ ಕೆಟ್ಟುಹೋತು. "ಒಲಿ ಮುಂದ ಕುಂತು ಯಾರು ಬರೀತಾರ್ರೀ ಮಾಸ್ತರ?"

"ಹಸಿದವ್ರು," ಅಂದ್ರು ಮಾಸ್ತರು.

ಮರುದಿನ ಗ್ವಾಡಿ ಮ್ಯಾಲ ಇನ್ನೊಂದು ಕಾಯ್ದೆ ಏರಿತು: ಚುಕ್ಕಿ ಬಂದಲ್ಲಿ ಮೂಸಿ ನೋಡತಕ್ಕದ್ದು.

೩. ಬಿಡುಗಡೆ

ಕಾಯ್ದೆ ಜಾಸ್ತಿ ಆದಂಗ ಗ್ವಾಡಿ ಮ್ಯಾಲಿನ ಹಾಳಿ ಹೊಲಸಾತು. ಅದಕ್ಕ "ಪಾಲಿಸಬೇಕಾದ ನಿಯಮಗಳು" ಅಂತ ಚಂದಗ ಟೈಪ್ ಮಾಡಿ, ಪುಸ್ತಕದ ಫ್ಲಾಪಿಯೊಳಗ ಇಟ್ಟಿದ್ದೆ. ಸಾವ್ಕಾರ್ರು ಆ ಫ್ಲಾಪಿ ಒಯ್ದು ಪ್ರೆಸ್ಸಿನವರಿಗೆ ಕೊಟ್ಟು, "ಇದ್ದದ್ದೆಲ್ಲ ಅಚ್ಚು ಹಾಕ್ರಿ," ಅಂದು ಬಂದಿದ್ರು. ಪುಸ್ತಕದ ಕಟ್ಟು ಪ್ರೆಸ್ಸಿನಿಂದ ಸೀದಾ ಮಠಕ್ಕ ಹೋತು.

ಬಿಡುಗಡೆ ದಿನ ಮಠದಾಗ ಮೊದಲ ಪುಟ ತಗದು ಮಾಸ್ತರು ಸಣ್ಣ ದನಿಲೆ ಅಂದ್ರು: "ಯವ್ವಾ, ನಮ್ಮ ಗ್ವಾಡಿ ಇಲ್ಲಿ ಬಂದೈತಲ್ಲ."

ನಾ ನೋಡಾಕ ಬಗ್ಗೂದರೊಳಗ ವಳಕಮದಿನ್ನಿ ಭಜನಿ ಮ್ಯಾಳದವರು ಪದ ಎತ್ತಿದ್ರು. ರೂಢಿ ಮಾಡಾಕಂತ ಅವರಿಗೆ ಮಠದಿಂದ ಪುಸ್ತಕ ವಾರ ಮೊದಲೇ ಮುಟ್ಟಿತ್ತು. ಒಂದು ಸಾಲು ಹಾಡಿ ಎಲ್ಲಾರೂ ಕೂಡಿ ಗಂಟಲು ಸರಿಮಾಡಿದ್ರು. ಮುಂದಿನ ಸಾಲಿಗೆ ತಲಿ ಕೆರಕೊಂಡ್ರು. ಸಾಲು ಮುಗಿದಲ್ಲಿ ಹಾರ್ಮೋನಿಯಂ ಪೆಟಗಿ ಬಡದು, ಪುಸ್ತಕ ಮೂಗಿಗೆ ಹಿಡದು ಭಕ್ತಿಲೆ ಮೂಸಿದ್ರು. ನನ್ನ ಬಾಜೂಕ ಕುಂತ ಸಾವ್ಕಾರ್ರು, "ತೌಡು," ಅಂತ ಉಸುರು ಬಿಟ್ರು.

ಗದ್ದಿಗಿ ಮ್ಯಾಲ ಕುಂತ ಸ್ವಾಮಿ ಅಜ್ಜಾರು ಕೇಳಿದ್ರು: "ಇದ್ಯಾವ ಪದ್ಧತ್ಯೋ?"

"ಪುಸ್ತಕದಾಗ ಬರದಾರ್ರೀ ಅಜ್ಜಾರ," ಅಂದ ಮ್ಯಾಳದ ಹಿರಿಯ. "ಮೂಸೂದು ಮೊದಮೊದಲು ತ್ರಾಸಾತು, ಈಗ ರೂಢಿ ಆಗೈತಿ."

ಅಜ್ಜಾರು ಮೊದಲ ಪುಟ ಸಾವಕಾಶ ಓದಿದ್ರು. ಆಮ್ಯಾಲ ತಲಿ ಎತ್ತಿದ್ರು. "ಈ ಮ್ಯಾಳದವರು ಹುಟ್ಟಿದಾಗಿಂದ ಒಬ್ಬ ಮುಂದ, ಒಬ್ಬ ಹಿಂದ ಹಾಡಾಕತ್ತಿದ್ರು. ಎಲ್ಲಾರೂ ಒಂದೇ ಕಡಿ ನಿಂತದ್ದು ಇವತ್ತೇ ನೋಡಿದೆ. ಎರಡನೇ ಭಾಗನೂ ಈ ಪುಸ್ತಕ ಮಾಡಿದವ್ರೇ ಮಾಡ್ಲಿ."

ಸಾವ್ಕಾರ್ರು ಕಣ್ಣೊರಸಿಕೊಂಡ್ರು. ಅಜ್ಜಾರು ಆಶೀರ್ವಚನ ಶುರುಮಾಡಾಕ ಗಂಟಲು ಸರಿಮಾಡಿದ್ರು. ಅವರ ಹಿಂದೇ ಮ್ಯಾಳಕ್ಕ ಮ್ಯಾಳವೇ ಸರಿಮಾಡಿತು. ನನ್ನ ಬೆರಳು ತೊಡಿ ಮ್ಯಾಲ ತಾನಾಗೇ ಒಂದು ಅಲ್ಪವಿರಾಮ ಹೊಡೀತು.