ಲಿಫ್ಟಿನವನು ಇಳಿಸಿದ ತೂಕ

ಐದನೇ ಮಹಡಿಯ ಅಜ್ಜಿ ತೀರಿಕೊಂಡ ಸುದ್ದಿ ಆ ಕಟ್ಟಡದಲ್ಲಿ ಮೊದಲು ಮುಟ್ಟಿದ್ದು ಲಿಫ್ಟಿನವನಿಗೆ, ಅದೂ ಯಾರೂ ಹೇಳದೆ. ದಿನವೂ ಬೆಳಗಿನ ಬಿಸಿಲು ಕಬ್ಬಿಣದ ಜಾಲರಿ ಬಾಗಿಲಿನಿಂದ ಒಳಗೆ ಜಾರಿ ಅವನ ಮೊಣಕಾಲು ಮುಟ್ಟುವ ಹೊತ್ತಿಗೆ ಐದನೇ ಮಹಡಿಯಿಂದ ಕರೆಗಂಟೆ ಬಾರಿಸುತ್ತಿತ್ತು. ಅಜ್ಜಿ ಎಲ್ಲಿಗೂ ಇಳಿಯುತ್ತಿರಲಿಲ್ಲ. ಅವನನ್ನು ಮೇಲಕ್ಕೆ ಕರೆಸಿ, "ಎದ್ದಿದ್ದೀಯೇನೋ? ನಾನೂ ಎದ್ದಿದ್ದೀನಿ, ನೋಡ್ಕೋ" ಎಂದು ಹೇಳುವುದಕ್ಕಷ್ಟೇ ಆ ಗಂಟೆ. ಆ ದಿನ ಬಿಸಿಲು ಮೊಣಕಾಲು ದಾಟಿ ತೊಡೆಗೆ ಬಂತು, ತೊಡೆ ದಾಟಿ ಹೊಟ್ಟೆಯ ಮೇಲೆ ಬೆಕ್ಕಿನಂತೆ ಮುದುಡಿ ಕುಳಿತಿತು. ಗಂಟೆ ಬಾರಿಸಲಿಲ್ಲ.

ಕರೆಯದೆಯೇ ಅವನು ಲಿಫ್ಟು ಏರಿಸಿದ. ಐದನೇ ಮಹಡಿಯಲ್ಲಿ ಬಾಗಿಲು ಹಾರು ಹೊಡೆದಿತ್ತು. ಅಜ್ಜಿಯ ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು.

"ನಿದ್ದೇಲೇ ಹೋಗ್ಬಿಟ್ರಪ್ಪ," ಎಂದಳು. "ಮುಖ ನೋಡು, ಯಾರೋ ತಮಾಷೆ ಹೇಳಿದ ಹಾಗಿದೆ."

ಅವನು ನೋಡಿದ. ಕಣ್ಣು ತುಂಬಿತು. ಆದರೆ ಅಳು ಬರುವುದಕ್ಕೆ ಮುಂಚೆ ಅವನ ಕೈ ತನ್ನಷ್ಟಕ್ಕೆ ತಾನೇ ಹೊಟ್ಟೆಯ ಮೇಲೆ ಹೋಗಿ, ಅದು ಎಷ್ಟು ಕರಗಿದೆ ಎಂದು ಸವರಿ ನೋಡಿತು. ಇದಕ್ಕೆ ಕಾರಣವಿತ್ತು.

ಆ ಕಟ್ಟಡ ಒಂದು ಕಾಲಕ್ಕೆ ಬಟ್ಟೆಯ ಗೋದಾಮಾಗಿತ್ತು. ಹಾಗಾಗಿ ಲಿಫ್ಟು ಅಗಲವಾಗಿತ್ತು, ಒಂದು ಮಂಚ ಹಿಡಿಸುವಷ್ಟು. ಆದರೆ ಅದಕ್ಕೆ ವಯಸ್ಸಾಗಿತ್ತು. ಭಾರ ಕೊಂಚ ಹೆಚ್ಚಾದರೂ ತಲೆಯ ಮೇಲಿನ ಗಂಟೆ ಬಡಿದುಕೊಂಡು, ಇದ್ದಲ್ಲೇ ಮೊಂಡು ಹಿಡಿದು ನಿಲ್ಲುತ್ತಿತ್ತು. ಅದರ ಹಿಡಿಯನ್ನು ತಿರುಗಿಸಿ ಮಹಡಿಗೆ ಸಮವಾಗಿ ನಿಲ್ಲಿಸುವುದು ಅವನೊಬ್ಬನಿಗೇ ಬರುತ್ತಿದ್ದ ವಿದ್ಯೆ. ಬೇರೆ ಯಾರು ಹಿಡಿ ಮುಟ್ಟಿದರೂ ಲಿಫ್ಟು ಕುಪ್ಪಳಿಸಿ ಮೊಣಕಾಲುದ್ದ ಕೆಳಗೆ ನಿಲ್ಲುತ್ತಿತ್ತು. ಗಂಟೆ ಬಡಿದಾಗಲೆಲ್ಲ ಒಳಗಿದ್ದವರ ಕಣ್ಣು ಮಾತ್ರ ಒಂದೇ ಕಡೆ ತಿರುಗುತ್ತಿತ್ತು, ಮೂಲೆಯ ಸ್ಟೂಲಿನ ಮೇಲೆ ಉಕ್ಕಿ ಹರಿದಿದ್ದ ಲಿಫ್ಟಿನವನ ಕಡೆಗೆ. ಕಟ್ಟಡದವರು ಅವನಿಗೆ ಗುಡಾಣ ಎಂದು ಹೆಸರಿಟ್ಟಿದ್ದರು. ಇಟ್ಟವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಕನ್ನಡಿ ಅವನ ಮನೆಯಲ್ಲೂ ಇತ್ತು.

ಗುಡಾಣನ ಹೊಟ್ಟೆಯನ್ನು ಸಾಕಿದ್ದು ಅನ್ನವಲ್ಲ, ಕಿತ್ತಳೆ ಬಣ್ಣದ ಕೂಲ್ ಡ್ರಿಂಕ್ಸು. ನೆಲಮಹಡಿಯಲ್ಲಿ ಅದರ ಅಂಗಡಿಯಿತ್ತು. ಮೇಲಿನ ಮನೆಗಳಿಗೆ ಹೋಗುವ ಸೀಸೆಗಳನ್ನು ಲಿಫ್ಟಿನಲ್ಲಿ ಏರಿಸಿಕೊಟ್ಟದ್ದಕ್ಕೆ ಅಂಗಡಿಯವನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವನ ಕೈಗೆ ಒಂದೊಂದು ತಣ್ಣನೆಯ ಸೀಸೆ ಇಡುತ್ತಿದ್ದ. ಕುಡಿದ ಮೇಲೆ ಗುಡಾಣ ಕಣ್ಣು ಮುಚ್ಚುವನು. ಲಿಫ್ಟು ಮೋಡದೊಳಗೆ ಏರುತ್ತಿದೆಯೆಂದೂ, ಪ್ರತಿ ಮಹಡಿಯಲ್ಲೂ ಒಂದೊಂದು ಸೂರ್ಯಾಸ್ತ ಬಾಗಿಲು ತೆಗೆದು ನಿಂತಿದೆಯೆಂದೂ ಅವನಿಗೆ ಅನ್ನಿಸುವುದು.

ಅದನ್ನು ಬಿಡಿಸಿದವಳು ಅಜ್ಜಿ.

"ನಮ್ಮೆಜಮಾನ್ರು ಹೋದಾಗ ಈ ಲಿಫ್ಟು ಕೆಟ್ಟು ಕೂತಿತ್ತು ಕಣೋ," ಎಂದಿದ್ದಳು ಒಂದು ದಿನ. "ಮೆಟ್ಟಲಲ್ಲಿ ಇಳಿಸಿದ್ರು. ಪ್ರತಿ ತಿರುವಲ್ಲೂ ಬೀರು ಸಾಗಿಸೋ ಹಾಗೆ ಓರೆ ಮಾಡಿದ್ರು. ಜೀವನವಿಡೀ ತಲೆ ಎತ್ತಿ ನಡೆದ ಮನುಷ್ಯ! ನನ್ನನ್ನ ಮಾತ್ರ ನೀನೇ ಇಳಿಸ್ಬೇಕು. ಮೆತ್ತಗೆ. ಆ ಹಾಳು ಗಂಟೆ ಹೊಡ್ಕೋಬಾರದು."

"ಬಿಡ್ತು ಅನ್ನಿ ಅಜ್ಜಿ. ನೀವಿನ್ನೂ ಬಹಳ ದಿನ ಇರ್ತೀರಿ."

"ನನ್ನ ದಿನ ದೇವರು ನೋಡ್ಕೋತಾನೆ, ನಿನ್ನ ಹೊಟ್ಟೆ ನೀನು ನೋಡ್ಕೋ. ಮಂಚ ಹಿಡಿಯೋಕೆ ನಾಲ್ಕು ಜನ, ನಾನು, ನೀನು. ನೀನು ಹೀಗಿದ್ರೆ ಗಂಟೆ ಸುಮ್ನಿರುತ್ತಾ? ಆ ಬಣ್ಣದ ನೀರು ಬಿಡು."

"ಅಂಗಡಿಯವ್ರು ಪ್ರೀತಿಯಿಂದ ಕೊಡ್ತಾರಲ್ಲ..."

"ಬೇಡ ಅನ್ಬೇಡ, ಅವನಿಗೆ ಬೇಜಾರಾಗುತ್ತೆ. ತಗೊಂಡು ಬಂದು ನನ್ನ ಕೈಗೆ ಕೊಡು. ನಿನ್ನ ಕಣ್ಣಿಗೆ ಬೀಳದ ಹಾಗೆ ನಾನು ಮಾಡ್ತೀನಿ."

ಅಂದಿನಿಂದ ಗುಡಾಣ ಸೀಸೆಗಳನ್ನು ಮೇಲಕ್ಕೆ ಮುಟ್ಟಿಸಿದ. ತವರಿನಿಂದ ಮಗಳನ್ನು ಕಳಿಸುವವನಂತೆ ಒಂದೊಂದನ್ನೂ ಬೀಳ್ಕೊಟ್ಟ. ಅಜ್ಜಿ ಅವನ್ನು ಏನು ಮಾಡುತ್ತಾಳೆಂದು ಕೇಳಲಿಲ್ಲ. ಕೇಳಿದರೆ ಬಾಯಲ್ಲಿ ನೀರೂರುತ್ತಿತ್ತು. ಕಟ್ಟಡದವರು ಮಾತ್ರ ಸುಮ್ಮನಿರಲಿಲ್ಲ. ಎರಡನೇ ಮಹಡಿಯ ಹಲ್ಲಿನ ಡಾಕ್ಟರು ದಿನವೂ ಅವನ ಬಾಯಿ ತೆರೆಸಿ ನಾಲಿಗೆಗೆ ಬಣ್ಣ ಹತ್ತಿದೆಯೇ ಎಂದು ನೋಡುತ್ತಿದ್ದರು. ನಿವಾಸಿಗಳ ಸಂಘದ ಕಾರ್ಯದರ್ಶಿ, "ನೋಡೋಣ, ಎಷ್ಟು ದಿನ ಈ ವೈರಾಗ್ಯ" ಎಂದು ಮೂಗು ಮುರಿಯುತ್ತಿದ್ದರು. ಮನೆಯಲ್ಲಿ ಹೆಂಡತಿ, "ಹೊಸ್ತಿಲ ಒಳಗೆ ಒಂದೇ ಒಂದು ಸೀಸೆ ಬಂದ್ರೂ ನಾನು ತವರಿಗೆ" ಎಂದು ಸಾರಿದ್ದಳು. ಅಂಗಡಿಯವನದು ಬೇರೆಯೇ ರಾಗ: "ತುಂಬಿದ್ದು ತಗೊಂಡು ಹೋಗ್ತೀಯ, ಖಾಲಿ ಸೀಸೆ ಎಲ್ಲಯ್ಯಾ?"

"ಅಜ್ಜಿ ಹತ್ರ ಇದೆ, ಕೊಡ್ತಾರೆ."

"ಯಾವಾಗ ಕೊಡ್ತಾರಯ್ಯಾ? ನನ್ನ ಸೀಸೆಗಳು ಊರು ಬಿಟ್ಟು ಓಡಿಹೋದವಾ?"

ಬಿಟ್ಟದ್ದು ಬಾಯಿ ಮಾತ್ರ, ಕನಸು ಬಿಡಲಿಲ್ಲ. ಸ್ಟೂಲಿನ ಮೇಲೆ ತೂಕಡಿಸುವಾಗ ಲಿಫ್ಟು ನೆಲವನ್ನೂ ದಾಟಿ ಕೆಳಗಿಳಿದು, ಕಿತ್ತಳೆ ಬಣ್ಣದ ಬಾವಿಯೊಳಗೆ ಮೆಲ್ಲಗೆ ಮುಳುಗುತ್ತಿತ್ತು. ಗುಳ್ಳೆಗಳು ಅವನ ಕಿವಿಯ ಬಳಿ ಬಂದು ಏನೋ ಹೇಳಿ ಒಡೆಯುತ್ತಿದ್ದವು. ಎಚ್ಚರವಾದಾಗ ಬಾಯಿ ಒಣಗಿರುತ್ತಿತ್ತು. "ದೇವರೇ, ಅಜ್ಜಿಗೆ ಕೊಟ್ಟ ಮಾತು ಉಳಿಸು" ಎಂದು ಹೂಜಿಯ ನೀರು ಕುಡಿಯುತ್ತಿದ್ದ. ಹೊಟ್ಟೆ ಕರಗಿತು. ಅಂಗಿಯ ಗುಂಡಿಗಳು ಬಹಳ ವರ್ಷಗಳ ಮೇಲೆ ಉಸಿರಾಡಿದವು.

ಈಗ ಆ ದಿನ ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ವಾಹನ ಬಾಗಿಲಿಗೆ ಬಂತು. ಅಜ್ಜಿ ಮಲಗುತ್ತಿದ್ದದ್ದು ಆಸ್ಪತ್ರೆಯವರು ಬಳಸುವಂಥ ಗಾಲಿ ಮಂಚ. ಅದರಲ್ಲೇ ಕೆಳಗಿಳಿಸುವುದೆಂದಾಯಿತು. ಮಂಚ ಹಿಡಿಯಲು ಮಗ, ಕಾರ್ಯದರ್ಶಿ, ಹಲ್ಲಿನ ಡಾಕ್ಟರು, ಅಂಗಡಿಯವನು. ಬಿಳಿ ಹೊದಿಕೆ ನಾಲ್ಕೂ ಕಡೆ ನೆಲದವರೆಗೆ ಇಳಿಬಿದ್ದಿತ್ತು. ಗಾಲಿಗಳು ಲಿಫ್ಟಿನ ಹೊಸ್ತಿಲು ದಾಟುವಾಗ ಎಲ್ಲಿಂದಲೋ ಕಿಣಿಕಿಣಿ ಎಂದಿತು. ಅಂಗಡಿಯವನ ಕಿವಿ ನೆಟ್ಟಗಾಯಿತು. ಆದರೆ ಸಾವಿನ ಮನೆಯಲ್ಲಿ ಕಿವಿಯ ಮಾತು ಕೇಳಬಾರದೆಂದು ಅವನು ತಲೆ ತಗ್ಗಿಸಿದ.

ಗುಡಾಣ ಕಣ್ಣೊರೆಸಿಕೊಂಡು ಸ್ಟೂಲನ್ನು ಹೊರಗಿಟ್ಟ. ಅಜ್ಜಿಯ ಮುಂದೆ ಕೂರುವುದುಂಟೇ? ಜಾಲರಿ ಎಳೆದು ಹಿಡಿಗೆ ಕೈ ಹಾಕಿದ.

ಟ್ರಿಣ್ಣ್ಣ್!

ಐದು ಜೋಡಿ ಕಣ್ಣು ಅವನ ಮೇಲೆ ಬಿದ್ದವು. ಐದನೆಯ ಜೋಡಿ ಬಾಗಿಲಾಚೆ ನಿಂತಿದ್ದ ಸೊಸೆಯದು.

"ಇಳಿಯಯ್ಯಾ ಹೊರಗೆ," ಎಂದರು ಕಾರ್ಯದರ್ಶಿ. "ನಾನು ಹಿಡಿ ತಿರುಗಿಸ್ತೀನಿ."

"ಸ್ವಾಮಿ, ನೀವು ತಿರುಗಿಸಿದ್ರೆ ಕುಪ್ಪಳಿಸುತ್ತೆ. ಅಜ್ಜಿಗೆ ಮಾತು ಕೊಟ್ಟಿದ್ದೀನಿ. ನಾನು ತೂಕ ಇಳಿಸಿದ್ದೀನಿ, ಡಾಕ್ಟರನ್ನೇ ಕೇಳಿ."

"ಇಳಿದಿದ್ದಾನೆ," ಎಂದರು ಡಾಕ್ಟರು. "ನಾಲಿಗೆ ಸ್ವಚ್ಛವಾಗಿದೆ. ನಾನು ದಿನಾ ನೋಡಿದ್ದೀನಿ."

"ನಾಲಿಗೆ ತೂಗೋ ಯಂತ್ರ ಅಲ್ಲ ಡಾಕ್ಟ್ರೇ! ಗಂಟೆ ಹೊಡೀತಿದೆ, ಕೇಳಿಸ್ತಿಲ್ವಾ?"

ವಾದ ಬೆಳೆಯಿತು. ಡಾಕ್ಟರು ಎರಡನೇ ಮಹಡಿಗೆ ಓಡಿಹೋಗಿ ತಮ್ಮ ತೂಕದ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಏದುಸಿರು ಬಿಡುತ್ತ ಬಂದು ಓಣಿಯಲ್ಲಿ ಇಟ್ಟರು. ಗುಡಾಣ ಚಪ್ಪಲಿ ಕಳಚಿ, ದೇವರ ಮನೆಗೆ ಕಾಲಿಡುವವನಂತೆ ಹತ್ತಿ ನಿಂತ. ಮುಳ್ಳು ಅವನ ಮಾತು ನಿಜವೆಂದಿತು. ಅವನು ಮತ್ತೆ ಒಳಗೆ ಹೋಗಿ ಹಿಡಿ ಹಿಡಿದು ನಿಂತ.

"ಈಗ ನೀವು ಹತ್ತಿ, ಸ್ವಾಮಿ," ಎಂದ ಅಂಗಡಿಯವನು, ಕಾರ್ಯದರ್ಶಿಯವರಿಗೆ.

"ನಾನ್ಯಾಕೆ? ನಾನು ಸಂಘದ ಪರವಾಗಿ ಬಂದಿದ್ದೀನಿ."

"ಸಂಘಕ್ಕೂ ತೂಕ ಇರುತ್ತಲ್ಲ!"

ಕಾರ್ಯದರ್ಶಿ ಉಸಿರು ಬಿಗಿಹಿಡಿದು ಹತ್ತಿದರು. ಮುಳ್ಳು ಗುಡಾಣನನ್ನು ದಾಟಿ ಮುಂದೆ ಹೋಗಿ ನಿಂತಿತು. "ಬೆಳಿಗ್ಗೆಯಿಂದ ದುಃಖದಲ್ಲಿ ಹೊಟ್ಟೆ ಉಬ್ಬರಿಸಿದೆ," ಎಂದು ಅವರು ಕೆಳಗಿಳಿದರು.

"ಎಲ್ಲರೂ ಸೇರಿ ಅಮ್ಮನನ್ನ ಕಾಯಿಸ್ತಿದ್ದೀರಲ್ಲ," ಎಂದು ಮಗ ಬಿಕ್ಕಿದ. ಆಗ ಗುಡಾಣನ ಎದೆ ಒಡೆಯಿತು. ಮಾತು ಉಳಿಸಿಕೊಳ್ಳುವ ಹಟದಲ್ಲಿ ಅಜ್ಜಿಯ ಕೊನೆಯ ದಾರಿಗೆ ತಾನೇ ಅಡ್ಡ ನಿಂತಂತಾಯಿತು ಎನ್ನಿಸಿತು. ಅವನು ಹಿಡಿಯನ್ನು ಬಿಟ್ಟ, ಅಜ್ಜಿಯ ಪಾದದ ಕಡೆ ತಲೆಬಾಗಿದ, ಹೊರಗೆ ಬಂದ.

"ಹೋಗಿ ಬನ್ನಿ ಅಜ್ಜಿ. ನನ್ನಿಂದ ಆಗಲಿಲ್ಲ."

ಕಾರ್ಯದರ್ಶಿ ಒಳಹೊಕ್ಕು ಜಾಲರಿ ಎಳೆದರು.

ಟ್ರಿಣ್ಣ್ಣ್!

ಆ ಲಿಫ್ಟಿನ ಆಯುಷ್ಯದಲ್ಲೇ ಮೊದಲ ಸಲ, ಗಂಟೆ ಬಡಿದಾಗ ನೋಡುವುದಕ್ಕೆ ಗುಡಾಣ ಒಳಗಿರಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಎಲ್ಲರ ದೃಷ್ಟಿ ಕಾರ್ಯದರ್ಶಿಯವರ ಹೊಟ್ಟೆಗೆ ಬಂದು ತಂಗಿತು. ಅವರು ಸರಕ್ಕನೆ ಇಳಿದರು. ಗಂಟೆ ಆಗಲೂ ಬಿಡಲಿಲ್ಲ.

"ಅಜ್ಜಿ ಗುಬ್ಬಚ್ಚಿ ಹಾಗಿದ್ರು," ಎಂದರು ಡಾಕ್ಟರು ಬೆಪ್ಪಾಗಿ.

"ಪುಣ್ಯದ ಭಾರ ಇರ್ಬೇಕು," ಎಂದರು ಹೊರಗಿನಿಂದ ಕಾರ್ಯದರ್ಶಿ.

ಅಂಗಡಿಯವನು ಗೊಂದಲದಲ್ಲಿ ಮಂಚಕ್ಕೆ ಒರಗಿದ. ಮತ್ತೆ ಕಿಣಿಕಿಣಿ. ಈ ಸಲ ಅವನು ತಡೆಯಲಾರದೆ ಕೂಗಿಬಿಟ್ಟ: "ಇದು ನನ್ನ ಸೀಸೆ ಸದ್ದು! ಮಗು ಅತ್ರೆ ತಾಯಿಗೆ ಗೊತ್ತಾಗಲ್ವಾ?"

ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ, ಪೆಟ್ಟಿಗೆ! ಅತ್ತೆ ಹೇಳಿದ್ರು, ಪೆಟ್ಟಿಗೆ ನನ್ನ ಜೊತೇಲೇ ಇಳೀಲಿ, ಕೆಳಗೆ ಹೋದ ಮೇಲೆ ಲಿಫ್ಟಿನವನ ಕೈಗೆ ಕೊಡು ಅಂತ. ಮಂಚದ ಕೆಳಗಿನ ಹಲಗೆ ಮೇಲಿದೆ. ಒಳಗೇನಿದೆ ಅಂತ ನನಗೂ ತೋರಿಸಿರಲಿಲ್ಲ."

ಪೆಟ್ಟಿಗೆ ಎಂಬ ಮಾತು ಕೇಳಿ ಕಾರ್ಯದರ್ಶಿಯವರ ದುಃಖ ಅರ್ಧ ಇಳಿಯಿತು. "ಲಿಫ್ಟಿನವನಿಗಾ? ಬೆಳ್ಳಿ ಗಿಳ್ಳಿ ಇದ್ದೀತು. ಸಂಘದ ಎದುರಿಗೇ ತೆಗೆಯೋದು ಒಳ್ಳೇದು."

ಹೊದಿಕೆ ಸರಿಸಿ, ಅಜ್ಜಿಯ ದಿಂಬಿನ ಕೆಳಗಿದ್ದ ಬೀಗದ ಕೈಯಿಂದ ಮಗ ಪೆಟ್ಟಿಗೆ ತೆರೆದ.

ಸಾಲು ಸಾಲಾಗಿ, ಹಳೆಯ ಸೀರೆಯ ಚೂರುಗಳ ನಡುವೆ, ತೊಟ್ಟಿಲಲ್ಲಿ ಮಲಗಿಸಿದ ಕೂಸುಗಳಂತೆ ಸೀಸೆಗಳು. ಒಂದರ ಮುಚ್ಚಳವೂ ತೆರೆದಿರಲಿಲ್ಲ. ಜಾಲರಿಯಿಂದ ಇಳಿದ ಬಿಸಿಲು ಅವುಗಳ ಮೇಲೆ ಬಿತ್ತು. ಲಿಫ್ಟಿನ ಗೋಡೆಯೆಲ್ಲ ಕಿತ್ತಳೆ ಬಣ್ಣದಲ್ಲಿ ತೇಲಿತು. ಅಜ್ಜಿಯ ಮುಖದ ಮೇಲೂ ಆ ಬೆಳಕು ಆಡಿತು. ಗುಡಾಣ ತನ್ನ ಕನಸಿನ ಬಾವಿಯ ತಳದಲ್ಲಿ ನಿಂತಿದ್ದ.

"ಈಗ ಅರ್ಥವಾಯ್ತು," ಎಂದಳು ಸೊಸೆ, ನಗುತ್ತ ಅಳುತ್ತ. "ಆಗಾಗ ಅಂತಿದ್ರು: ಪಾಪ, ಎಷ್ಟು ಆಸೆ ಕಟ್ಕೊಂಡಿದ್ದಾನೆ. ನನ್ನನ್ನ ಇಳಿಸಿದ ಮೇಲೆ ಅವನಿಗಿನ್ನೇನು ಕಟ್ಟುಪಾಡು, ಅವನದ್ದು ಅವನಿಗೇ ಸೇರಲಿ, ಅಂತ."

ಅವನು ಬಿಟ್ಟ ತೂಕವನ್ನೆಲ್ಲ ಅಜ್ಜಿ ಒಂದು ಹನಿಯೂ ಚೆಲ್ಲದಂತೆ ಕಾದಿಟ್ಟಿದ್ದಳು.

ಪೆಟ್ಟಿಗೆಯನ್ನು ಹೊರಗಿಳಿಸಿದರು. ಎಲ್ಲರೂ ಒಳಗೆ ಬಂದರು, ಗುಡಾಣನೂ, ಕಾರ್ಯದರ್ಶಿಯವರೂ. ಗಂಟೆ ತುಟಿ ಪಿಟಕ್ಕೆನ್ನಲಿಲ್ಲ. ಅವನು ಹಿಡಿ ತಿರುಗಿಸಿದ. ನಾಲ್ಕನೇ ಮಹಡಿಯ ಬೆಳಕು ಅಜ್ಜಿಯ ಮೇಲೆ ಹಾದುಹೋಯಿತು, ಮೂರನೆಯದು ಹಾದುಹೋಯಿತು. ಲಿಫ್ಟು ಇಳಿಯುತ್ತಿದೆಯೋ ಕಟ್ಟಡವೇ ಮೆಲ್ಲಗೆ ಆಕಾಶಕ್ಕೆ ಏರುತ್ತಿದೆಯೋ ತಿಳಿಯದಂತಿತ್ತು. ನೆಲಮಹಡಿಯಲ್ಲಿ ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಷ್ಟು ಮೆತ್ತಗೆ ನಿಂತಿತು. ಅಜ್ಜಿಯ ಹಣೆಯ ಮೇಲಿನ ಒಂದು ಕೂದಲೂ ಅಲುಗಲಿಲ್ಲ.

ಸಂಜೆ ಎಲ್ಲರೂ ಹಿಂತಿರುಗಿದರು. ಪೆಟ್ಟಿಗೆ ಐದನೇ ಮಹಡಿಯ ಓಣಿಯಲ್ಲೇ ಇತ್ತು.

"ಓಣೀಲಿ ಸಾಮಾನು ಇಡೋ ಹಾಗಿಲ್ಲ," ಎಂದರು ಕಾರ್ಯದರ್ಶಿ. "ಸಂಘದ ನಿಯಮ."

"ಒಂದೊಂದು ನೀವೆಲ್ಲ ತಗೊಳ್ಳಿ ಸ್ವಾಮಿ," ಎಂದು ಗುಡಾಣ ಕೈಮುಗಿದ.

"ನನಗೆ ಸಕ್ಕರೆ ಕಾಯಿಲೆ."

"ನಾನು ಹಲ್ಲಿನ ಡಾಕ್ಟರು ಕಣಯ್ಯಾ, ಜನ ನೋಡಿದ್ರೆ ಏನಂದಾರು?"

"ತುಂಬಿದ್ದು ವಾಪಸ್ ತಗೊಳಲ್ಲ," ಎಂದ ಅಂಗಡಿಯವನು. "ನಿನಗೆ ಅಂತ ಕೊಟ್ಟಿದ್ದು. ಖಾಲಿ ಮಾಡಿ ತಾ."

"ಅತ್ತೆ ನಿನಗೇ ಅಂದಿದ್ರು," ಎಂದಳು ಸೊಸೆ. "ಹೋದವರ ಮಾತು ಮೀರಬಾರದಪ್ಪ."

ಮನೆಗೆ ಒಯ್ಯುವ ಹಾಗಿರಲಿಲ್ಲ. ಹೆಂಡತಿ ತವರಿಗೆ ಹೋಗುವಳು. ಅವನ ಪಾಲಿಗೆ ಈ ಲೋಕದಲ್ಲಿ ಉಳಿದಿದ್ದ ಜಾಗ ಲಿಫ್ಟಿನ ಮೂಲೆಯೊಂದೇ. ಸ್ಟೂಲನ್ನು ಹೊರಗೇ ಬಿಟ್ಟು ಅಲ್ಲಿಗೆ ಪೆಟ್ಟಿಗೆ ಎಳೆದು ಅದರ ಮೇಲೆ ಕುಳಿತ. ಕೆಲಸ ಮುಗಿಸಿ ಬಂದ ಜನ ನೆಲಮಹಡಿಯಲ್ಲಿ ಎಂದಿನಂತೆ ಒಳಗೆ ತುಂಬಿದರು.

ಟ್ರಿಣ್ಣ್ಣ್!

"ಏನೋ ಗುಡಾಣ, ಒಂದೇ ದಿನಕ್ಕೆ ಮತ್ತೆ ಊದಿಕೊಂಡ್ಯಾ?" ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ನಕ್ಕರು. ಹಿಂದೆ ನಿಂತಿದ್ದವರು ಗೊಣಗುತ್ತ ಇಳಿದು ಮೆಟ್ಟಲು ಹತ್ತಿದರು.

ಪೆಟ್ಟಿಗೆ ಹಗುರವಾಗಲೇಬೇಕಿತ್ತು. ಜನ ಕರಗಿ ಲಿಫ್ಟು ಬರಿದಾದ ಮೇಲೆ ಗುಡಾಣ ಒಂದು ಸೀಸೆಯ ಮುಚ್ಚಳ ತೆಗೆದ. ಬೆಚ್ಚಗಿತ್ತು. ಅರ್ಧ ಕುಡಿದ ಮೇಲೆ ಅವನಿಗೆ ಹೊಳೆಯಿತು: ಪೆಟ್ಟಿಗೆಯಿಂದ ಹೊಟ್ಟೆಗೆ ಇಳಿದರೂ ಭಾರ ಲಿಫ್ಟಿನ ಒಳಗೇ ಇರುತ್ತದೆ. ಗಂಟೆಗೆ ಪೆಟ್ಟಿಗೆಯಾದರೇನು, ಗುಡಾಣನಾದರೇನು? ಅವನು ಸೀಸೆಯನ್ನು ನೋಡಿದ, ಮೇಲೆ ಗಂಟೆಯನ್ನು ನೋಡಿದ, ನಿಟ್ಟುಸಿರಿಟ್ಟು ಉಳಿದರ್ಧವನ್ನೂ ಕುಡಿದ. ಹೋದವರ ಮಾತು ಮೀರಬಾರದಲ್ಲ.

ಕಣ್ಣು ಮುಚ್ಚಿದ. ಮೋಡ ಬಂತು. ಪ್ರತಿ ಮಹಡಿಯಲ್ಲೂ ಸೂರ್ಯಾಸ್ತ ಬಾಗಿಲು ತೆಗೆಯಿತು. ಎಲ್ಲಕ್ಕೂ ಮೇಲಿನ ಮಹಡಿಯಲ್ಲಿ ಯಾರೋ ತಲೆ ಎತ್ತಿ ನಡೆಯುವ ಮುದುಕರೊಬ್ಬರು ಜಾಲರಿಯ ಆಚೆ ನಿಂತು ಕಾಯುತ್ತಿದ್ದರು.

"ದೇವರೇ," ಎಂದು ಅವನು ಖಾಲಿ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಬೇಡಿಕೊಂಡ, "ಅಜ್ಜಿ ಬರ್ತಿದ್ದಾರೆ. ಮೆತ್ತಗೆ ಏರಿಸ್ಕೋ. ನಿನ್ನ ಮಹಡಿಗೆ ಸಮವಾಗಿ ನಿಲ್ಲಿಸು. ಗಂಟೆ ಹೊಡ್ಕೋಬಾರದು. ಆ ಜೀವಕ್ಕೆ ಶಾಂತಿ ಕೊಡಪ್ಪ."