ನಾನು ಆರಿಸಿದ ಪುಕ್ಕಟೆ ಕ್ರಾಲರ್

ದಾನಕ್ಕೆ ಬಂದ ಎಮ್ಮೆಯ ಹಲ್ಲು ನೋಡಬಾರದು ಅಂತಾರೆ. ನಾನು ನೋಡಲಿಲ್ಲ. ಅದಕ್ಕೇ ಇಂಥ ಫಜೀತಿಗಳು ನನಗೆ ಒಂದರ ಹಿಂದೊಂದು ಆಗುತ್ತಲೇ ಹೋದವು.

ತೊಂಬತ್ತರ ದಶಕದ ಕೊನೆಯ ಮಾತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರಿಗೆ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕಲಿಸುತ್ತಿದ್ದೆ. ಇಂಟರ್ನೆಟ್ ಇದ್ದದ್ದು ಆಳಂದದ ಕೇಂದ್ರದಲ್ಲಿ ಮಾತ್ರ. ಉಳಿದೆರಡು ಊರಿನವರಿಗೆ ತೋರಿಸಲು ಕ್ರಾಲರ್ ಬೇಕಿತ್ತು. ಅಂದರೆ ವೆಬ್‌ಸೈಟಿನ ಪುಟದಿಂದ ಪುಟಕ್ಕೆ ತಾನೇ ಹೋಗಿ, ಸಿಕ್ಕಿದ್ದನ್ನು ನಮ್ಮ ಹಾರ್ಡ್‌ಡಿಸ್ಕಿಗೆ ತಂದಿಡುವ ಸಾಫ್ಟ್‌ವೇರ್. ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ ಎರಡಿದ್ದವು. ಒಂದು ಪುಕ್ಕಟೆ, ಇನ್ನೊಂದಕ್ಕೆ ಸ್ವಲ್ಪ ದುಡ್ಡು. ಕೇಂದ್ರದ ಮಾಲೀಕರು, "ನೀವ ಆರಿಸ್ರಿ ಮೇಡಂ" ಅಂದರು. ಪುಕ್ಕಟೆಯದನ್ನೇ ಆರಿಸಿದೆ.

ಬಸ್ಸಿನಲ್ಲಿ

ಹಾರ್ಡ್‌ಡಿಸ್ಕ್ ಬಿಚ್ಚಿ, ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಕಂಡಕ್ಟರ್ ಬಗ್ಗಿ ನೋಡಿದ. "ಏನದರಿ ಮೇಡಂ, ಕೂಸಿನಂಗ ಹಿಡಕೊಂಡೀರಿ?"

"ಇಂಟರ್ನೆಟ್ ರೀ."

"ಜೀವಂತ ಅದ ಏನ್ರಿ?"

"ಊರು ಮುಟ್ಟಿದ ಮ್ಯಾಲ ಗೊತ್ತಾಗ್ತದ್ರಿ" ಅಂದೆ.

ತೊಗರಿ ಧಾರಣೆ

ಅಫಜಲಪುರದ ತೊಗರಿ ವ್ಯಾಪಾರಿಯೊಬ್ಬರಿಗೆ ಮುಂಬೈ ಧಾರಣೆ ಬೇಕಿತ್ತು. ನೋಡಲು ಗೆಳೆಯರಿಬ್ಬರನ್ನೂ ಕರೆತಂದಿದ್ದರು. ನನ್ನ ಕ್ರಾಲರ್ ಮಾರುಕಟ್ಟೆಯ ಇತಿಹಾಸ, ಕಚೇರಿಯ ಹೂದೋಟ, ಅಧ್ಯಕ್ಷರ ದೊಡ್ಡ ಫೋಟೋ ಎಲ್ಲ ತಂದಿತ್ತು. ಧಾರಣೆಯ ಪುಟವೊಂದನ್ನು ಬಿಟ್ಟು.

ವ್ಯಾಪಾರಿ ಫೋಟೋವನ್ನು ಬಹಳ ಹೊತ್ತು ದಿಟ್ಟಿಸಿದರು. "ಹೋಗ್ಲಿ ಬಿಡ್ರಿ ಮೇಡಂ. ಇವ್ರ ಮಾರಿ ನೋಡಿದ್ರ ರೇಟ್ ಇಳದಂಗ ಕಾಣ್ತದ."

ಹದಿನೆಂಟು ದಿನ

ಇದನ್ನು ನೆನೆದರೆ ನಗುವಿಗಿಂತ ಮೊದಲು ಸಂಕಟವೇ ಬರುತ್ತದೆ.

ಜೇವರ್ಗಿಯ ಉರ್ದು ಶಾಲೆಯ ಮಾಸ್ತರರೊಬ್ಬರು ಚಶ್ಮಾದ ಗಾಜಿನಿಂದ ದೂರದರ್ಶಕ ಮಾಡಿ ಮಕ್ಕಳಿಗೆ ಚಂದ್ರನನ್ನು ತೋರಿಸುತ್ತಿದ್ದರು. ಪುಣೆಯಲ್ಲಿ ಶಿಕ್ಷಕರಿಗೆ ಅದರದೇ ತರಬೇತಿ ಇತ್ತು. ನೌಕರಿಯಲ್ಲಿ ಇದ್ದವರಿಗೆ ಮಾತ್ರ. ಮಾಸ್ತರರಿಗೆ ಅದು ಕೊನೆಯ ವರ್ಷ. ಒಂದು ಶುಕ್ರವಾರ ನಾನು ತಂದ ಪುಟದಲ್ಲಿ "ಅರ್ಜಿಗೆ ಇನ್ನು ಹದಿನೆಂಟು ದಿನ" ಅಂತಿತ್ತು. ಅವರು ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ಬರೆಯತೊಡಗಿದರು, ತಿದ್ದಿದರು, ಮತ್ತೆ ಬರೆದರು.

ಮುಂದಿನ ಶುಕ್ರವಾರ ನೋಡಿದರೆ ಹದಿನೆಂಟು ದಿನ. ಅದರ ಮುಂದಿನ ಶುಕ್ರವಾರವೂ ಹದಿನೆಂಟು. ಕಲಿಸುವ ಗಡಿಬಿಡಿಯಲ್ಲಿ ನಾನು ಲಕ್ಷ್ಯ ಕೊಡಲಿಲ್ಲ.

ಐದನೇ ಶುಕ್ರವಾರ ಅವರೇ ಕಣ್ಣು ತುಂಬಿಕೊಂಡು ಅಂದರು: "ಪುಣೆ ಮಂದಿ ಬಹಳ ಛಲೋ ರೀ ಮೇಡಂ. ನನ್ನ ಸಲುವಾಗಿ ದಿನಾ ಮುಂದ ಹಾಕಾಕತ್ತಾರ."

ಆಗ ನನಗೆ ಹೊಳೆಯಿತು. ಒಮ್ಮೆ ತಂದ ಪುಟವನ್ನು ನನ್ನ ಕ್ರಾಲರ್ ಮತ್ತೆ ತರುತ್ತಲೇ ಇರಲಿಲ್ಲ. ದುಡ್ಡಿನದಾಗಿದ್ದರೆ ಬದಲಾದ ಪುಟಗಳನ್ನು ಹೊಸದಾಗಿ ತರುತ್ತಿತ್ತು. ಓಡಿಹೋಗಿ ಪುಣೆಗೆ ಫೋನ್ ಮಾಡಿದೆ. ಅರ್ಜಿಯ ಗಡುವು ಮುಗಿದು ವಾರದ ಮೇಲಾಗಿತ್ತು.

"ತಪ್ಪು ನಂದ್ರಿ ಸರ್" ಅಂದೆ.

ಮಾಸ್ತರರು ಅರ್ಜಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ಪರದೆಯ ಮೇಲಿನ ಹದಿನೆಂಟನ್ನೇ ನೋಡುತ್ತ ನಿಂತು, ಮೆಲ್ಲಗೆ ಕೇಳಿದರು:

"ಮೇಡಂ, ನನ್ನ ರಿಟೈರ್‌ಮೆಂಟಿಗೆ ಎಂಟ ತಿಂಗಳ ಉಳಿದಾವ. ಅದನ್ನೂ ಇದರಾಗ ಒಮ್ಮೆ ಹಾಕಿ ಇಡ್ತೀರೇನ್ರಿ?"